ಮೂರನೇ ಮೆಟ್ಟಿಲು ತುಳಿಯದ ಹಾಡುಗಾರ

ಊರಿನ ಅರ್ಧ ಜನರ ಬಾಯಿ ಅವಳಿಗೆ ಗೊತ್ತಿತ್ತು, ಮುಖ ಮಾತ್ರ ಗೊತ್ತಿರಲಿಲ್ಲ. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಒಣಗಿದ ಮೇಲೆ ಅಂಚು ಉಜ್ಜಿ, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸುವುದು ಅವಳ ಕಸುಬು. ದವಡೆಯೊಂದು ಕೈಗೆ ಬಂದರೆ ಸಾಕು, ಇವನು ಮುಂಗೋಪಿ, ನಿದ್ದೆಯಲ್ಲೂ ಹಲ್ಲು ಕಡಿಯುತ್ತಾನೆ; ಇವಳು ಬಲು ಹುಷಾರಿ, ಒಂದೇ ಪಕ್ಕದಲ್ಲಿ ಅಗಿಯುತ್ತಾಳೆ ಎಂದು ಕಣ್ಣಾರೆ ಕಂಡವಳ ಹಾಗೆ ಹೇಳಿಬಿಡುತ್ತಿದ್ದಳು. ಹೇಳಿದ್ದು ಸರಿಯೋ ತಪ್ಪೋ ಎಂದು ತೋರಿಸಿಕೊಡಲು ಆ ದವಡೆಯ ಒಡೆಯರು ಲ್ಯಾಬಿಗೆ ಬರುತ್ತಿರಲಿಲ್ಲ. ಹಾಗಾಗಿ ಅವಳ ಮಾತಿಗೆ ಎದುರೇ ಇರಲಿಲ್ಲ. ಮುಂದೆ ಆದ ಫಜೀತಿಗೆಲ್ಲ ಈ ಆತ್ಮವಿಶ್ವಾಸವೇ ಕಾರಣ ಎಂದು ಈಗಲೇ ಹೇಳಿಬಿಟ್ಟರೆ ನನ್ನ ಕೆಲಸ ಹಗುರಾಗುತ್ತದೆ.

ಲ್ಯಾಬಿನ ಪಕ್ಕದಲ್ಲಿ ಹಳೆಯ ರೆಕಾರ್ಡುಗಳ ಅಂಗಡಿ. ಒಬ್ಬರು ಹೋಗಬೇಕಾದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟು ಕಿರಿದು. ಅಂಗಡಿಯವ ಎರಡು ವಿಷಯಗಳಲ್ಲಿ ಯಾರ ಮಾತನ್ನೂ ಕೇಳುವ ಗಿರಾಕಿಯಲ್ಲ. ಒಂದು, ಬೆಲೆಯ ಚೀಟಿ. ಕವರಿಗೆ ಹಚ್ಚಿದರೆ ಜನ ಕವರು ಬದಲಾಯಿಸಿ ಮೋಸ ಮಾಡುತ್ತಾರೆಂದು ಅವನು ದುಂಡಗಿನ ಹಳದಿ ಚೀಟಿಯನ್ನು ರೆಕಾರ್ಡಿನ ನಡುವಿನ ಕಾಗದದ ಮೇಲೇ ಹಚ್ಚುತ್ತಿದ್ದ. ಅಂಟು ಎಂಥದ್ದೆಂದರೆ ಕೀಳಲು ಹೋದರೆ ಕೆಳಗಿನ ಕಾಗದ ಹರಿದು ಬರಬೇಕೇ ಹೊರತು ಚೀಟಿ ಜಪ್ಪಯ್ಯ ಎಂದರೂ ಬರುತ್ತಿರಲಿಲ್ಲ. ಇನ್ನೊಂದು, ಪ್ಲೇಯರಿನ ವೇಗದ ಕಡ್ಡಿ. ತಟ್ಟೆಯನ್ನು ನಿಧಾನ ತಿರುಗಿಸುವುದಕ್ಕೂ ಬೇಗ ತಿರುಗಿಸುವುದಕ್ಕೂ ಇರುವ ಆ ಕಡ್ಡಿಯನ್ನು ಅವನು ‘ನಿಧಾನ’ದ ಕಡೆಗೆ ತಳ್ಳಿ, ಮೇಲೆ ದಪ್ಪ ಟೇಪು ಬಡಿದುಬಿಟ್ಟಿದ್ದ. ಅಂಗಡಿಯಲ್ಲಿದ್ದ ಎಲ್ಲ ಪ್ಲೇಯರುಗಳಿಗೂ ಅದೇ ಗತಿ.

“ದೊಡ್ಡ ತಟ್ಟೆ ನಿಧಾನ ತಿರುಗಬೇಕು, ಚಿಕ್ಕ ತಟ್ಟೆ ಬೇಗ ತಿರುಗಬೇಕು. ಚಿಕ್ಕದನ್ನ ನಾನು ಇಡೋದೇ ಇಲ್ಲ. ಮತ್ತೆ ಆ ಕಡ್ಡಿಗೆ ಯಾರ ಕೈ ಯಾಕೆ ಹೋಗ್ಬೇಕು?” ಎಂದು ಕೇಳಿದವರನ್ನೂ ಕೇಳದವರನ್ನೂ ಒಟ್ಟಿಗೆ ಗದರುತ್ತಿದ್ದ.

ಆ ದಿನ ಅವಳು ಅಂಗಡಿಗೆ ಹೋದದ್ದು ಅವನ ಕಟ್ಟುಹಲ್ಲು ಕೊಡಲು. ಗಟ್ಟಿ ಬ್ರೆಡ್ಡು ಕಚ್ಚಲು ಹೋಗಿ ಹಲ್ಲಿನ ಪ್ಲೇಟು ಎರಡು ಹೋಳು ಮಾಡಿಕೊಂಡಿದ್ದ. ಪಕ್ಕದವಳಲ್ಲವೇ ಎಂದು ಡಾಕ್ಟರನ್ನು ದಾಟಿ ನೇರ ಅವಳ ಮೇಜಿಗೇ ತಂದಿಟ್ಟಿದ್ದ. ಅವಳು ಒಳಗೆ ಹೋದಾಗ ಪ್ಲೇಯರಿನ ಮೇಲೆ ಯಾವುದೋ ರೆಕಾರ್ಡು ತಿರುಗುತ್ತಿತ್ತು.

“ಬಾ ಹಲ್ಲಮ್ಮ,” ಎಂದ ಅಂಗಡಿಯವ, ಬಾಯಿಗೆ ಕೈ ಅಡ್ಡ ಹಿಡಿದು. ಹಲ್ಲು ಹಾಕಿಕೊಂಡು ಕನ್ನಡಿಯ ಮುಂದೆ ತುಟಿ ಅತ್ತಿತ್ತ ಮಾಡತೊಡಗಿದ. ಅವಳು ಕೆಲಸ ಸರಿಯಾಗಿದೆಯೇ ಎಂದು ಅವನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಹಾಡಿನ ಕಡೆಗೆ ಗಮನವೇ ಇರಲಿಲ್ಲ. ಒಂದು ಗಂಡಸಿನ ದನಿ, ಒಂದು ಗಿಟಾರು, ಅಷ್ಟೇ. ದನಿ ದಪ್ಪಗೆ, ಯಾವ ಅವಸರವೂ ಇಲ್ಲದೆ, ಎದೆಯ ಬುಡದಿಂದ ಎಳೆದೆಳೆದು ಬರುತ್ತಿತ್ತು.

ಮೂರನೇ ಮೆಟ್ಟಿಲು ತುಳಿಯದೆ ಇಳಿವೆ,
ಮನೆಯೂ ಮಲಗಿದೆ, ಬೀದಿಯೂ ಮಲಗಿದೆ,
ಒಂದೇ ಬೂಟನು ಅಪ್ಪಿದ ಮಗುವು
ಬಾಯಿ ತೆರೆದು ಮಲಗಿದೆ.

“ಕೆಳಗಡೆ ಸ್ವಲ್ಪ ಒತ್ತುತ್ತೆ ಅನ್ಸುತ್ತೆ,” ಎಂದ ಅಂಗಡಿಯವ.

ಅವಳಿಗೆ ಕೇಳಿಸಲಿಲ್ಲ. ಕಿವಿ ಹಾಡಿನ ಕಡೆಗೆ ತಿರುಗಿತ್ತು. ಅವಳು ಹುಟ್ಟಿ ಬೆಳೆದ ಬಾಡಿಗೆ ಮನೆಯಲ್ಲಿ ಮರದ ಮೆಟ್ಟಿಲಿತ್ತು, ಮೇಲಿನಿಂದ ಮೂರನೆಯದು ಕಾಲಿಟ್ಟರೆ ಕಿರ್ರೆಂದು ಇಡೀ ಮನೆಯನ್ನು ಎಬ್ಬಿಸುತ್ತಿತ್ತು. ಅದೇನೂ ದೊಡ್ಡದಲ್ಲ, ಲೋಕದಲ್ಲಿ ಕಿರುಗುಟ್ಟುವ ಮೆಟ್ಟಿಲಿಗೆ ಬರವೇ? ಆದರೆ ಬೂಟು. ಅಪ್ಪನ ಗೆಳೆಯನೊಬ್ಬ ತಂದುಕೊಟ್ಟ ಕೆಂಪು ಬೂಟಿನಲ್ಲಿ ಒಂದನ್ನು ಬಾಗಿಲ ಹತ್ತಿರ ಕಾವಲಿಗೆ ನಿಲ್ಲಿಸಿ, ಇನ್ನೊಂದನ್ನು ಅಪ್ಪಿಕೊಂಡು ಮಲಗುತ್ತಿದ್ದ ಮಗು ಅವಳೇ. ಕಾಲು ದೊಡ್ಡದಾಗಿ ಬೂಟು ಹಿಡಿಸದೇ ಹೋದ ಮೇಲೂ ಬಿಟ್ಟಿರಲಿಲ್ಲ. ಇದು ಅಪ್ಪ ಅಮ್ಮನನ್ನು ಬಿಟ್ಟರೆ ನರಪಿಳ್ಳೆಗೂ ಗೊತ್ತಿಲ್ಲದ ಸಂಗತಿ. ಕಟ್ಟಿಕೊಂಡ ಗಂಡನಿಗೂ ನಾಚಿಕೆಯಿಂದ ಹೇಳಿರಲಿಲ್ಲ.

“ಇದು ಯಾರು ಹಾಡಿರೋದು?” ಎಂದು ಕೇಳಿದಳು.

“ಗೊತ್ತಿದ್ರೆ ನಾನೇ ಹೋಗಿ ಕಾಲು ಹಿಡೀತಿದ್ದೆ,” ಎಂದು ಅಂಗಡಿಯವ ಕವರು ಚಾಚಿದ. ಮೇಲೆ ಒಂದು ಮೆಟ್ಟಿಲಿನ ಚಿತ್ರ, ಪೆನ್ಸಿಲ್ಲಿನಲ್ಲಿ ಬಿಡಿಸಿದ್ದು. ಹಿಂದೆ ‘ಪದ, ರಾಗ, ಗಿಟಾರು, ಗಾಯನ: ಒಬ್ಬರೇ’ ಎಂದಿತ್ತು. ಆ ಒಬ್ಬರಿಗೆ ಹೆಸರಿರಲಿಲ್ಲ. “ಒಂದು ತಿಂಗಳಿಂದ ದಿನಾ ಹಾಕ್ತಿದೀನಿ. ಬಂದೋರು ಒಬ್ರೂ ಇದೇನು ಅಂತ ಕೇಳಲಿಲ್ಲ, ನೀನೇ ಮೊದಲು. ಆದ್ರೆ ಆಳು ಹೇಗಿದ್ದ ಅಂತ ದನಿಯಲ್ಲೇ ಗೊತ್ತಾಗುತ್ತಲ್ಲ. ನಿದ್ದೆಗೆಟ್ಟ ಗಂಡಸು. ಯಾರದೋ ಮನೆಗೆ ಹೋಗಿ ಬೆಳಗಾಗೋ ಮುಂಚೆ ಜಾರಿಕೊಳ್ತಿದ್ದ ಗಿರಾಕಿ.”

ಯಾರದೋ ಮನೆ. ಅಷ್ಟರಲ್ಲಿ ಹಾಡು ಮುಂದಕ್ಕೆ ಹೋಗಿತ್ತು.

ಮಸಿ ಬೆರಳಿನವ ಮಲಗಿದ್ದಾನೆ,
ಅವನಿಗೇನು ಗೊತ್ತು, ಪಾಪ,
ಮಗು ನನ್ನ ಹಾಗೇ ಎನ್ನುತ್ತಾನೆ,
ನಕ್ಕು ಸುಮ್ಮನಾದೆ ನಾನು.

ಅವಳ ಅಪ್ಪ ಪತ್ರಿಕೆಯ ಮುದ್ರಣಾಲಯದಲ್ಲಿ ರಾತ್ರಿ ಪಾಳಿಯ ಮೆಷಿನ್‌ಮನ್ ಆಗಿದ್ದವರು. ಎಷ್ಟು ಉಜ್ಜಿದರೂ ಅವರ ಬೆರಳ ಸಂದಿಯ ಮಸಿ ಹೋಗುತ್ತಿರಲಿಲ್ಲ. ಮತ್ತೆ ‘ಮಗು ನನ್ನ ಹಾಗೇ’ ಎನ್ನುವುದು ಅವರ ಬಾಯಲ್ಲಿ ಇಂದಿಗೂ ದಿನಕ್ಕೊಮ್ಮೆಯಾದರೂ ಬರುವ ಮಾತು. ಅವಳು ಸರಕ್ಕನೆ ಕೈ ಚಾಚಿ ಪ್ಲೇಯರಿನ ಮುಳ್ಳು ಎತ್ತಿಬಿಟ್ಟಳು. ಅಂಗಡಿಯವ, ತನ್ನ ಮಗುವಿಗೆ ಯಾರೋ ಹೊಡೆದರೇನೋ ಎಂಬಂತೆ, ಹೊಸ ಹಲ್ಲು ತೋರಿಸಿ ಬಾಯಿ ಬಿಟ್ಟ.

“ಇದು ನಿಮಗೆ ಎಲ್ಲಿ ಸಿಕ್ತು?”

“ಒಂದು ಮ್ಯೂಸಿಕ್ ಸ್ಕೂಲ್ ಇತ್ತಲ್ಲ, ದೊಡ್ಡ ಗಡಿಯಾರದ ಬೀದೀಲಿ, ಮುಚ್ಚಿ ಎಷ್ಟೋ ಕಾಲ ಆಯ್ತು. ಅದರ ಕಟ್ಟಡ ಒಡೆದಾಗ ಒಂದು ರಟ್ಟಿನ ಪೆಟ್ಟಿಗೆ ಬಂತು. ಪೆಟ್ಟಿಗೆ ತುಂಬ ಇದೊಂದೇ ರೆಕಾರ್ಡು. ಒಂದೂ ಮಾರಾಟ ಆಗಿಲ್ಲ ಅಂತ ಕಾಣುತ್ತೆ.”

ಆ ಶಾಲೆಯಲ್ಲಿ ಅವಳ ಅಮ್ಮ ಕೆಲಸಕ್ಕಿದ್ದಳು. ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲು ತೆಗೆದು, ಕೋಣೆಗಳನ್ನು ಗುಡಿಸಿ, ಪಿಯಾನೋ ಒರೆಸಿ, ಮಕ್ಕಳು ಬರುವ ಹೊತ್ತಿಗೆ ಹೊರಡುವ ಕೆಲಸ. ಇದು ನೆನಪಾಗಿ ಮಗಳಿಗೆ ಸಮಾಧಾನ ಆಗಬೇಕಿತ್ತೇ, ಇನ್ನಷ್ಟು ತಲೆ ಕೆಡಬೇಕಿತ್ತೇ? ಕೆಟ್ಟಿತು. ಅಂಗಡಿಯವನ ಕೈಕಾಲು ಹಿಡಿದು ರೆಕಾರ್ಡನ್ನೂ ಅದನ್ನು ಹಾಕಲು ಒಂದು ಹಳೆಯ ಸೂಟ್‌ಕೇಸಿನಂಥ ಪ್ಲೇಯರನ್ನೂ ಎರವಲು ತಂದು ಲ್ಯಾಬಿನ ಮೂಲೆಯಲ್ಲಿಟ್ಟಳು. ಹೊರಡುವಾಗ ಅವನು, “ಕಡ್ಡಿ ಮುಟ್ಟಬೇಡ,” ಎಂದು ಹಿಂದಿನಿಂದ ಕೂಗಿ ಹೇಳಿದ. ಅವಳು ಯಾಕೆ ಮುಟ್ಟುತ್ತಾಳೆ, ಹೇಳಿದ ಮಾತು ಕೇಳುವ ಹೆಣ್ಣು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಾಗಿಲು ಎಳೆದುಕೊಂಡು ಮತ್ತೆ ಹಾಕಿದಳು. ಅದೇ ದಪ್ಪ ದನಿ. ಅದೇ ಮೆಟ್ಟಿಲು, ಅದೇ ಬೂಟು. ‘ನಕ್ಕು ಸುಮ್ಮನಾದೆ’ ಬಂದ ಕೂಡಲೇ ಮೈಯೆಲ್ಲ ಉರಿದು ಮುಳ್ಳು ಎತ್ತಿದಳು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಆ ಸಾಲು ದಾಟಿ ಮುಂದೆ ಏನಿದೆ ಎಂದು ಕೇಳುವಷ್ಟು ತಾಳ್ಮೆ ಒಂದು ದಿನವೂ ಬರಲಿಲ್ಲ. ಕೇಳಿದ್ದಿದ್ದರೂ ಏನು ಉದ್ಧಾರವಾಗುತ್ತಿತ್ತೋ ನನಗೆ ಗೊತ್ತಿಲ್ಲ.

ಯಾರಿವನು? ಮೊದಲು ಅಪ್ಪನ ಆ ಗೆಳೆಯನನ್ನು ಹಿಡಿದಳು, ಬೂಟು ತಂದವನಲ್ಲವೇ. ಆದರೆ ಅವನ ದನಿ ಗಾಳಿ ಹೋಗುತ್ತಿರುವ ಬಲೂನಿನದು, ಅವನನ್ನು ಅಲ್ಲಿಗೇ ಬಿಡಬೇಕಾಯಿತು. ಪಕ್ಕದ ಮನೆಯ ಬಾಡಿಗೆಯವ? ಅವನಿಗೆ ತೊದಲು. ವಿದ್ಯುತ್ ಮೀಟರು ಓದಲು ಬರುತ್ತಿದ್ದವ? ಅವನು ಒಳಗೇ ಬರುತ್ತಿರಲಿಲ್ಲ. ಕಡೆಗೆ ಸಂಗೀತ ಶಾಲೆಯ ಗಿಟಾರು ಮೇಷ್ಟ್ರು ಅವಳ ತಲೆಯಲ್ಲಿ ಹುಟ್ಟಿಕೊಂಡರು. ಅಂಥ ಮೇಷ್ಟ್ರನ್ನು ಅವಳು ನೋಡಿರಲಿಲ್ಲ, ಹೆಸರು ಕೇಳಿರಲಿಲ್ಲ. ದನಿಯಿಂದಲೇ ದವಡೆ ಕಟ್ಟಿದಳು: ಅಗಲ ಬಾಯಿ, ಉಬ್ಬಿದ ಅಂಗುಳ, ಹಿಂದಿನ ಹಲ್ಲುಗಳು ಒಂದೂ ಬಿದ್ದಿಲ್ಲ, ಆರಡಿ ಎತ್ತರ, ಕಾಲಿಗೆ ಮೆತ್ತನೆ ಅಡಿಯ ಬೂಟು. ಬೆಳಗಿನ ಕತ್ತಲಲ್ಲಿ ಅಮ್ಮನನ್ನು ಶಾಲೆಗೆ ಕರೆದೊಯ್ಯುವ ನೆಪದಲ್ಲಿ ಬರುತ್ತಾನೆ, ಮೇಲೆ ಹತ್ತಿ ಮಲಗಿದ ಮಗುವನ್ನು ನೋಡುತ್ತಾನೆ, ಮಲಗಿದ ಅಪ್ಪನನ್ನು ನೋಡಿ ಪಾಪ ಎನ್ನುತ್ತಾನೆ. ಆದರೆ ಗಂಡ ಮನೆಯಲ್ಲೇ ಮಲಗಿರುವಾಗ ಹೊರಗಿನವನೊಬ್ಬ ಮಹಡಿ ಹತ್ತುವುದಾದರೂ ಹೇಗೆ? ಅಮ್ಮ ಹತ್ತಗೊಟ್ಟಾಳೇ? ಅಲ್ಲಿಗೆ ಬಂದಾಗ ಯೋಚನೆ ನಿಂತುಬಿಡುತ್ತಿತ್ತು. ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಮೇಣ ಕರಗಿ ಮೇಜಿನ ಮೇಲೆ ಹರಿಯುತ್ತಿತ್ತು, ಯಾರದೋ ಮೇಲಿನ ಹಲ್ಲನ್ನು ಯಾರದೋ ಕೆಳಗಿನ ದವಡೆಗೆ ಕೂರಿಸಿ ಆಮೇಲೆ ಬಿಡಿಸುತ್ತಿದ್ದಳು.

ನೆನಪನ್ನು ಕೆದಕಿದರೆ ಅಲ್ಲಿ ಸದ್ದೇ ಇರಲಿಲ್ಲ. ಅವಳ ಬಾಲ್ಯವೆಲ್ಲ ಪಿಸುಮಾತಿನಲ್ಲೇ ಕಳೆದದ್ದು. ಅಪ್ಪ ರಾತ್ರಿಯೆಲ್ಲ ದುಡಿದು ನಸುಕಿಗೆ ಮುಂಚೆ ಬಂದು ಹಗಲೆಲ್ಲ ಮಲಗುತ್ತಿದ್ದರು, ಅಮ್ಮ ತುಟಿಗೆ ಬೆರಳಿಟ್ಟುಕೊಂಡೇ ಓಡಾಡುತ್ತಿದ್ದಳು. ಪಾತ್ರೆ ಸದ್ದಾಗಬಾರದು, ಬಾಗಿಲು ಸದ್ದಾಗಬಾರದು. ಅಮ್ಮ ಗಟ್ಟಿಯಾಗಿ ನಕ್ಕಿದ್ದು ಅವಳಿಗೆ ನೆನಪಿಲ್ಲ, ಹಾಡುವುದಂತೂ ದೂರ ಉಳಿಯಿತು. ಅಪ್ಪ ನಿವೃತ್ತರಾದ ಮೇಲೂ ಅಮ್ಮನ ದನಿ ಮೇಲೇಳಲಿಲ್ಲ, ರೂಢಿ ಬಿಟ್ಟುಹೋಗಿತ್ತು. ಹಾಗೇ ಮೆಲ್ಲಗೆ ಇದ್ದು ಮೆಲ್ಲಗೆ ಹೋದಳು. ಆ ಅಮ್ಮನಿಗೆ ಇಂಥದ್ದೊಂದು ಕತೆ ಇತ್ತೇ? ನಂಬಲು ಮನಸ್ಸಿಲ್ಲ, ಬಿಡಲು ಆಗುತ್ತಿಲ್ಲ. ಅಮ್ಮನ ಮೇಲೆ ಸಿಟ್ಟು ಬರುತ್ತಿತ್ತು. ಸಿಟ್ಟು ಮಾಡಿಕೊಂಡದ್ದಕ್ಕೆ ಅಳು ಬರುತ್ತಿತ್ತು. ಎಲ್ಲಕ್ಕಿಂತ ಕೆಳಗೆ, ಬಾಯಿ ಬಿಟ್ಟು ಹೇಳಲಾಗದ ಒಂದೇ ಒಂದು ಪ್ರಶ್ನೆ ಕೂತಿತ್ತು: ಅಪ್ಪ ತನ್ನ ಅಪ್ಪ ಹೌದೋ ಅಲ್ಲವೋ?

ಬೇರೆ ಯಾರಾದರೂ ಆಗಿದ್ದರೆ ಕನ್ನಡಿ ನೋಡಿಕೊಳ್ಳುತ್ತಿದ್ದರು. ಇವಳು ಪ್ಲಾಸ್ಟರ್ ಹುಡುಕಿದಳು. ಅಪ್ಪನಿಗೆ ಕಟ್ಟುಹಲ್ಲು ಮಾಡಿಕೊಟ್ಟವಳು ಅವಳೇ, ಅವರ ಬಾಯಿಯ ಅಚ್ಚು ಲ್ಯಾಬಿನ ಕಪಾಟಿನ ಮೇಲ್ಗಡೆ ಧೂಳು ಹಿಡಿದು ಕೂತಿತ್ತು. ಅದನ್ನು ಇಳಿಸಿ ಒರೆಸಿದಳು. ಆಮೇಲೆ ತನ್ನ ಬಾಯಿಗೇ ಟ್ರೇ ತುರುಕಿಕೊಂಡು ಅಚ್ಚು ತೆಗೆದು, ಪ್ಲಾಸ್ಟರ್ ಹೊಯ್ದು, ಎರಡನ್ನೂ ದೀಪದ ಕೆಳಗೆ ಪಕ್ಕಪಕ್ಕ ಇಟ್ಟಳು. ಅಪ್ಪನದರಲ್ಲಿ ಹಲ್ಲೇ ಇಲ್ಲ, ಬರೀ ಒಸಡು, ಹೋಲಿಸುವುದೇನು ಮಣ್ಣು? ಅಂಗುಳದ ಗೆರೆಗಳನ್ನು ನೋಡಿದಳು. ಒಂದು ಕ್ಷಣ ಎಲ್ಲ ಒಂದೇ ಎನಿಸಿತು. ದೀಪ ಸ್ವಲ್ಪ ಸರಿಸಿದರೆ ಒಂದೂ ಹೊಂದಲಿಲ್ಲ. ಮತ್ತೆ ಸರಿಸಿದಳು, ಮತ್ತೆ ಹೊಂದಿತು. ಅಮ್ಮನ ಅಚ್ಚು ಇದ್ದಿದ್ದರೆ ನೋಡಬಹುದಿತ್ತು, ಆದರೆ ಅಮ್ಮ ಹಲ್ಲೆಲ್ಲ ಗಟ್ಟಿ ಇರುವಾಗಲೇ ಹೋಗಿದ್ದಳು. ಎಷ್ಟೋ ಜನರ ಬಾಯಿ ತುಂಬಿದ್ದ ಆ ಕಪಾಟಿನಲ್ಲಿ ಅಮ್ಮನದು ಮಾತ್ರ ಇರಲಿಲ್ಲ.

ಸಂಜೆ ಗಂಡನ ಅಂಗಡಿಗೆ ಹೋದಳು. ಗಂಡ ಬೀಗ ಕೀಲಿಯ ಕೆಲಸದವ, ಯಾವ ಬಾಗಿಲಾದರೂ ತೆರೆಯುವವ, ಬಾಯಿ ಮಾತ್ರ ಹೆಚ್ಚು ತೆರೆಯುವವನಲ್ಲ. ರೆಕಾರ್ಡಿನ ವಿಷಯ, ಬೂಟಿನ ವಿಷಯ, ಅಂಗುಳದ ವಿಷಯ ಎಲ್ಲ ಒಂದೇ ಉಸಿರಿಗೆ ಸುರಿದಳು. ಅವನು ಅರದಿಂದ ಕೀಲಿ ಉಜ್ಜುತ್ತಲೇ ಕೇಳಿಸಿಕೊಂಡ.

“ನನ್ನ ಹತ್ರ ಒಂದೇ ಕೀಲಿಗೆ ತೆರೆಯೋ ಬೀಗ ಎಷ್ಟೋ ಬರ್ತವೆ,” ಎಂದ ಕಡೆಗೆ. “ಹಾಗಂತ ಅವೆಲ್ಲ ಒಂದೇ ಮನೆ ಬೀಗ ಅಲ್ಲ.”

“ಬೂಟು? ಮಸಿ?”

“ಅದನ್ನ ನಿಮ್ಮಪ್ಪನ್ನೇ ಕೇಳು.”

“ಏನಂತ ಕೇಳ್ಲಿ? ನೀವು ನನ್ನ ಅಪ್ಪನಾ ಅಂತಲಾ?”

ಗಂಡ ಅರ ಕೆಳಗಿಟ್ಟು ಅವಳ ಮುಖ ನೋಡಿದ. “ಬೂಟು ಇಟ್ಕೊಂಡು ಮಲಗ್ತಿದ್ದೆ ಅಂತ ನನಗೆ ಯಾಕೆ ಹೇಳಲಿಲ್ಲ?” ಎಂದ. ಅವನಿಗೆ ಅದೇ ದೊಡ್ಡದಾಗಿ ಕಂಡಿತ್ತು. ಅವಳು ಬಂದ ದಾರಿಗೆ ಸುಂಕವಿಲ್ಲದೆ ಎದ್ದು ಬಂದಳು.

ಅಪ್ಪ ಇದ್ದದ್ದು ಅವರ ಜೊತೆಯಲ್ಲೇ, ಬೀದಿಯ ಕಡೆಯ ಕೋಣೆಯಲ್ಲಿ. ರಾತ್ರಿ ಪಾಳಿ ಬಿಟ್ಟು ಇಷ್ಟು ವರ್ಷವಾದರೂ ಮಧ್ಯಾಹ್ನ ಒಂದು ನಿದ್ದೆ ತಪ್ಪಿಸುತ್ತಿರಲಿಲ್ಲ. ಎಚ್ಚರ ಇದ್ದಾಗ ಅವರ ಕಣ್ಣಿಗೆ ಬಿದ್ದ ಯಾವ ಯಂತ್ರಕ್ಕೂ ಉಳಿಗಾಲವಿರಲಿಲ್ಲ. ಇಸ್ತ್ರಿ ಪೆಟ್ಟಿಗೆ, ಮಿಕ್ಸರು, ಗೋಡೆ ಗಡಿಯಾರ ಎಲ್ಲವನ್ನೂ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಮತ್ತೆ ಜೋಡಿಸಿದ್ದರು. ಯಾವುದಕ್ಕಾದರೂ ಟೇಪು ಸುತ್ತಿದ್ದರೆ ಅವರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. “ಟೇಪು ಹಾಕೋದು ರಿಪೇರಿ ಅಲ್ಲ, ಸೋಮಾರಿತನ,” ಎನ್ನುವುದು ಅವರ ಮಾತು.

ಅಂದು ಮನೆಗೆ ಬಂದಾಗ ನಲ್ಲಿ ಸೋರುತ್ತಿತ್ತು. ಅವಳು ಸುಮ್ಮನೆ ಕೂತು ವಾಷರು ಬದಲಾಯಿಸಿದಳು, ಕೈಗೆ ಕೆಲಸ ಇದ್ದರೆ ತಲೆ ಸುಮ್ಮನಿರುತ್ತದೆಂದು. ಅಪ್ಪ ಬಾಗಿಲಿಗೆ ಒರಗಿ ನೋಡುತ್ತಿದ್ದರು. ಆಗ ಪಕ್ಕದ ಮನೆಯಾಕೆ ಏನೋ ಕೇಳಲು ಬಂದವಳು, “ನಿಮ್ಮ ಮಗಳು ನಲ್ಲಿ ಕೆಲಸನೂ ಮಾಡ್ತಾಳಾ?” ಎಂದು ಬೆರಗಾದಳು.

“ಮಾಡ್ದೆ ಇರ್ತಾಳಾ? ಥೇಟ್ ನನ್ನ ಹಾಗೇ ಇವಳು,” ಎಂದರು ಅಪ್ಪ.

ಅಪ್ಪನ ಮುಖದಲ್ಲಿ ಅಷ್ಟು ಹೆಮ್ಮೆ ಇತ್ತು. ಅವಳಿಗೆ ಕೈಯಲ್ಲಿದ್ದ ಸ್ಪ್ಯಾನರು ಭಾರವಾಯಿತು. ಯಾವನೋ ದಪ್ಪ ದನಿಯವ ಹಿಂದೆ ನಿಂತು ನಕ್ಕು ಸುಮ್ಮನಾದ ಹಾಗೆ ಅನಿಸಿತು. ಅಪ್ಪ ಹೀಗೆ ಜೀವಮಾನವಿಡೀ ಹೇಳಿಕೊಂಡು ಬಂದದ್ದು ಸುಳ್ಳಾದರೆ, ಅದು ತನಗೆ ಗೊತ್ತಿದ್ದೂ ಅವರ ಎದುರು ತಲೆಯಾಡಿಸಿಕೊಂಡು ಇರುವುದು ತನ್ನಿಂದ ಆಗದು. ಕೇಳಿದರೆ ಅಪ್ಪ ಒಡೆದು ಹೋಗಬಹುದು. ಕೇಳದಿದ್ದರೆ ತಾನು ಒಡೆದು ಹೋಗುತ್ತೇನೆ. ಅವಳಿಗೆ ಯಾವುದು ಸರಿ ಎಂದು ಗೊತ್ತಾಗಲಿಲ್ಲ, ಆದರೆ ಸುಮ್ಮನಿರುವುದು ಆಗುವುದಿಲ್ಲ ಎಂಬುದಷ್ಟೇ ಗೊತ್ತಾಯಿತು.

ರಜೆಯ ದಿನ ಬೆಳಗ್ಗೆ ಪ್ಲೇಯರನ್ನೂ ರೆಕಾರ್ಡನ್ನೂ ಲ್ಯಾಬಿನಿಂದ ಮನೆಗೆ ತಂದು ಊಟದ ಮೇಜಿನ ಮೇಲಿಟ್ಟಳು. ಗಂಡನಿಗೆ ಯಾರದೋ ಮನೆಯ ಬಾಗಿಲು ತೆರೆಯಲು ಕರೆ ಬಂದಿತ್ತು, ಒಳ್ಳೆಯದೇ ಆಯಿತು. ಸ್ನಾನದ ಕೋಣೆಗೆ ಹೋಗಿ ಮುಖಕ್ಕೆ ನೀರು ಹಾಕಿಕೊಳ್ಳುತ್ತ ಹೇಳಬೇಕಾದ ಮಾತನ್ನು ಕನ್ನಡಿಗೆ ಒಪ್ಪಿಸಿದಳು. ‘ಅಪ್ಪ, ಈ ಹಾಡು ಕೇಳಿ. ಕೇಳಿ ಆದ ಮೇಲೆ ನಾನು ಒಂದು ಮಾತು ಕೇಳ್ತೀನಿ. ಉತ್ತರ ಏನೇ ಇದ್ರೂ ನಾನು ನಿಮ್ಮ ಮಗಳೇ.’ ಕಡೆಯ ಮಾತು ಸಲೀಸಾಗಿ ಬರುತ್ತಿರಲಿಲ್ಲ. ಮತ್ತೆ ಮತ್ತೆ ಹೇಳಿ ಬಾಯಿಪಾಠ ಮಾಡಿಕೊಂಡಳು.

ಹೊರಗೆ ಬಂದರೆ ಅಪ್ಪ ಪ್ಲೇಯರಿನ ಮುಂದೆ ಕುಳಿತು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಎಣ್ಣೆಯ ಪುಟ್ಟ ಡಬ್ಬಿ, ಮುದ್ದೆಯಾದ ಟೇಪು.

“ಎಲ್ಲಿಂದ ತಂದೆ ಇದನ್ನ? ಮೋಟರು ಚೆನ್ನಾಗಿದೆ,” ಎಂದರು. “ಯಾವನೋ ಪುಣ್ಯಾತ್ಮ ಕಡ್ಡಿಗೆ ಟೇಪು ಬಡಿದಿದ್ದ. ಕಿತ್ತು ಎಣ್ಣೆ ಬಿಟ್ಟೆ. ಆ ಕಡೆಗೂ ಹೋಗುತ್ತೆ ಈಗ, ಈ ಕಡೆಗೂ ಬರುತ್ತೆ.”

ಅಂಗಡಿಯವ ಏನೆಂದಾನು ಎಂಬ ಯೋಚನೆ ಅವಳ ತಲೆಗೆ ಬರಲೇ ಇಲ್ಲ. ಅದು ಕಟ್ಟಿಟ್ಟುಕೊಂಡ ಮಾತಿನಿಂದಲೇ ತುಂಬಿತ್ತು. ಕಡ್ಡಿ ಯಾವ ಕಡೆಗಿದೆ ಎಂದೂ ನೋಡದೆ ರೆಕಾರ್ಡು ಇಟ್ಟು, “ಅಪ್ಪ, ಈ ಹಾಡು ಕೇಳಿ. ಕೇಳಿ ಆದ ಮೇಲೆ ನಾನು ಒಂದು ಮಾತು ಕೇಳ್ತೀನಿ,” ಎಂದು ಮುಳ್ಳು ಇಳಿಸಿದಳು. ಆ ಗಂಡಸಿನ ದನಿಗೆ ಎದೆ ಗಟ್ಟಿ ಮಾಡಿಕೊಂಡು ನಿಂತಳು.

ಗಂಡಸು ಬರಲಿಲ್ಲ. ಗಿಟಾರು ಮೊದಲು ಬಂತು, ಚುರುಕಾಗಿ, ಹಗುರಾಗಿ. ಅದರ ಹಿಂದೆ ಒಂದು ಹೆಣ್ಣು ದನಿ ಬಂತು. ಮೂರನೇ ಮೆಟ್ಟಿಲು ತುಳಿಯದೆ ಇಳಿವೆ. ಅವಳು ರೆಕಾರ್ಡು ತಪ್ಪಾಗಿ ತಂದೆನೇನೋ ಎಂದು ಕವರು ನೋಡಿದಳು, ಅದೇ ಮೆಟ್ಟಿಲು. ತಟ್ಟೆ ನೋಡಿದಳು, ಅದೇ ಹಳದಿ ಚೀಟಿ, ಆದರೆ ಎಂದಿಗಿಂತ ಬೇಗ ತಿರುಗುತ್ತಿತ್ತು. ಎಲ್ಲ ದೊಡ್ಡ ತಟ್ಟೆಗಳೂ ನಿಧಾನ ತಿರುಗುವುದಿಲ್ಲ, ಇದು ಬೇಗ ತಿರುಗಬೇಕಾದ ತಟ್ಟೆ, ಹಾಗೆಂದು ಬರೆದಿದ್ದ ಅಂಕಿ ಆ ಚೀಟಿಯ ಕೆಳಗೆ ಅಂಟಿಹೋಗಿದೆ ಎಂಬುದೆಲ್ಲ ಆಮೇಲೆ ಹೊಳೆದದ್ದು. ಆ ಗಳಿಗೆಯಲ್ಲಿ ಅವಳಿಗೆ ಏನೊಂದೂ ಅರ್ಥವಾಗದೆ ಕಕ್ಕಾಬಿಕ್ಕಿಯಾಗಿ ಅಪ್ಪನ ಕಡೆ ತಿರುಗಿದಳು.

ಅಪ್ಪ ಬಟ್ಟೆಯನ್ನು ಮೇಜಿನ ಮೇಲಿಟ್ಟಿದ್ದರು. “ಇದು ನಿಮ್ಮಮ್ಮ ಅಲ್ವೇನೆ?” ಎಂದರು.

ಹೌದು, ಅಮ್ಮ. ಪಿಸುಮಾತಿನ ಅಮ್ಮ ಅಲ್ಲ, ತುಟಿಗೆ ಬೆರಳಿಟ್ಟ ಅಮ್ಮ ಅಲ್ಲ. ಬಾಯಿ ತುಂಬ ದನಿ ತೆರೆದು ಹಾಡುತ್ತಿರುವ, ಅವಳು ಎಂದೂ ಕೇಳಿರದ ಅಮ್ಮ. ದಪ್ಪ ದನಿ, ಅಗಲ ದವಡೆ, ಆರಡಿ ಎತ್ತರದ ಗಿಟಾರು ಮೇಷ್ಟ್ರು ಒಂದೇ ಏಟಿಗೆ ಪುಡಿಯಾಗಿ ಹೋದರು. ಬೆಳಗ್ಗೆ ಮೆಟ್ಟಿಲು ಇಳಿದು ಹೋಗುತ್ತಿದ್ದವಳು ಕೆಲಸಕ್ಕೆ ಹೊರಟ ಅಮ್ಮ. ಬೂಟು ಅಪ್ಪಿ ಮಲಗಿದ ಮಗುವನ್ನು ನೋಡಿದವಳು ಆ ಮಗುವಿನ ಅಮ್ಮ. ಮಗು ನನ್ನ ಹಾಗೇ ಎಂದು ಗಂಡ ಕೊಚ್ಚಿಕೊಂಡರೆ ಯಾವ ಹೆಂಡತಿ ನಕ್ಕು ಸುಮ್ಮನಾಗುವುದಿಲ್ಲ? ಅವಳಿಗೆ ನಾಚಿಕೆಯಿಂದ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಅದಕ್ಕಿಂತ ಹೆಚ್ಚಾಗಿ ಸಂತೋಷವಾಗಿತ್ತು. ಅಮ್ಮನಲ್ಲಿ ಮನಸ್ಸಿನಲ್ಲೇ ತಪ್ಪಾಯಿತು ಎಂದಳು, ಎಂದು ಮುಗಿಸುವಷ್ಟರಲ್ಲಿ ಕಣ್ಣು ಮಂಜಾಯಿತು.

“ಅಮ್ಮನಿಗೆ ಗಿಟಾರು ಬರ್ತಿತ್ತಾ?”

“ಬರ್ತಿತ್ತು. ಗುಡಿಸಿ ಮುಗಿಸಿ, ಮಕ್ಕಳು ಬರೋ ತನಕ ಸ್ಕೂಲಲ್ಲಿದ್ದ ಗಿಟಾರು ತಗೊಂಡು ಕೂತ್ಕೋತಿದ್ಲು. ತಾನೇ ಕಲಿತಿದ್ಲು. ಒಂದಿನ, ಇವತ್ತು ಹಾಡಿದೆ, ಸ್ಕೂಲಿನ ಮೇಷ್ಟ್ರು ರೆಕಾರ್ಡ್ ಮಾಡಿಕೊಂಡ್ರು ಅಂದ್ಲು. ನಾನು ಹೂಂ ಅಂದು ಮಲಗಿಬಿಟ್ಟೆ. ಏನು ಹಾಡಿದೆ ಅಂತ ಕೇಳಬೇಕಿತ್ತು.” ಅಪ್ಪ ತಟ್ಟೆಯನ್ನೇ ನೋಡುತ್ತಿದ್ದರು. “ತಟ್ಟೆ ಆಗಿದೆ ಅಂತ ಹೇಳಲೇ ಇಲ್ಲ ನೋಡು. ಒಂದೂ ಖರ್ಚಾಗಲಿಲ್ಲ ಅಂತ ಬೇಜಾರಾಗಿತ್ತೋ ಏನೋ.”

“ಮನೇಲಿ ಯಾಕಪ್ಪ ಒಂದಿನವೂ ಹಾಡಲಿಲ್ಲ?”

“ನಾನು ಮಲಗಿರ್ತಿದ್ನಲ್ಲ, ಅದಕ್ಕೆ.”

ಅಪ್ಪ ಕಣ್ಣು ಮುಚ್ಚಿಕೊಂಡರು. ಹಾಡು ಮಸಿ ಬೆರಳು ದಾಟಿತು, ನಕ್ಕು ಸುಮ್ಮನಾದದ್ದು ದಾಟಿತು. ಅವಳು ಈ ಸಲ ಮುಳ್ಳು ಎತ್ತಲಿಲ್ಲ. ಅದರಾಚೆ ಇನ್ನೊಂದು ಚರಣ ಇತ್ತು.

ಹೊಸ್ತಿಲಲ್ಲೇ ನಿಂತೆನಲ್ಲ,
ಹೋಗುವ ಹೊತ್ತು ಮೀರಿತಲ್ಲ,
ಒಮ್ಮೆ ಕಣ್ಣು ತೆರೆದಿದ್ದರೆ
ಹೋಗುತ್ತಿರಲಿಲ್ಲ ನಾನು.

ಗಿಟಾರು ಒಂಟಿಯಾಗಿ ಸ್ವಲ್ಪ ದೂರ ಹೋಗಿ ನಿಂತಿತು. ಹಾಡು ಮುಗಿದು ಮುಳ್ಳು ಬರೀ ಗೆರೆಯ ಮೇಲೆ ಸರಿಯುತ್ತಿತ್ತು. ಅವಳು ಅದನ್ನು ಎತ್ತಿ ಪಕ್ಕಕ್ಕಿಟ್ಟಳು.

“ನಿದ್ದೆ ಇರ್ತಿರಲಿಲ್ಲ ನನಗೆ ಆಗ,” ಎಂದರು ಅಪ್ಪ, ಕಣ್ಣು ಮುಚ್ಚಿಕೊಂಡೇ. “ಅವಳು ಎದ್ದ ಕೂಡ್ಲೇ ನನಗೂ ಎಚ್ಚರ ಆಗ್ತಿತ್ತು. ಬಾಗಿಲಲ್ಲಿ ನಿಂತಿರೋದು ಗೊತ್ತಾಗ್ತಿತ್ತು. ಕಣ್ಣು ಬಿಟ್ರೆ, ತಡಿ ಒಂಚೂರು ಕಾಫಿ ಮಾಡಿಕೊಟ್ಟು ಹೋಗ್ತೀನಿ ಅಂತ ಕೂತುಬಿಡೋಳು. ಕೆಲಸಕ್ಕೆ ತಡ ಆಗೋದು, ಅಲ್ಲಿ ಬೈಸಿಕೊಳ್ಳೋಳು. ಅದಕ್ಕೇ ಮುಚ್ಕೊಂಡೇ ಇರ್ತಿದ್ದೆ. ಅವಳಿಗೆ ಒಳ್ಳೇದಾಗ್ಲಿ ಅಂತಲೇ, ಪುಟ್ಟಿ.”

ಅಪ್ಪನ ಬೆರಳುಗಳು ಮೇಜಿನ ಮೇಲಿದ್ದವು. ಮಸಿ ಯಾವತ್ತೋ ಹೋಗಿತ್ತು, ಎಣ್ಣೆಯ ಕರೆ ಮಾತ್ರ ಇತ್ತು.

ಅಪ್ಪ ಬಟ್ಟೆ ಎತ್ತಿಕೊಂಡು ಕರೆ ಒರೆಸುತ್ತ, “ಏನೋ ಕೇಳ್ತೀನಿ ಅಂದ್ಯಲ್ಲ?” ಎಂದರು.

“ಏನಿಲ್ಲಪ್ಪ.”

“ಹಾಗಾದ್ರೆ ಇನ್ನೊಂದು ಸಲ ಹಾಕು.”

ಅವಳು ಮುಳ್ಳನ್ನು ಮೊದಲ ಗೆರೆಗೆ ಇಟ್ಟಳು. ಅಮ್ಮ ಮತ್ತೆ ಮೆಟ್ಟಿಲು ಇಳಿಯತೊಡಗಿದಳು. ಅಪ್ಪ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಹಾಡು ಮುಗಿಯುವವರೆಗೂ ಕಣ್ಣು ತೆರೆದೇ ಕುಳಿತಿದ್ದರು.